ಮೊದಲು ಕುರ್ಚಿ, ಆಮೇಲೆ ಸೈಕಲ್ಲು

ಅರವತ್ತೈದು ದಾಟಿದವರಿಗಾಗಿ ವ್ಯಾಯಾಮದ ಸಾಮಾನು ಕೊಳ್ಳುವ ಮುಂಚೆ, ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆಯೊಂದನ್ನು ಮನೆಯಲ್ಲೇ ಮಾಡಿ ನೋಡಿ. ಗಾಲಿಯಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಡಿ. ಹಿರಿಯರು ಅದರ ನಡುವಿಗೆ ಕೂತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಲಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಮತ್ತೆ ಕೂರಲು ಆಗುತ್ತದೆ ಎಂದು ಪಕ್ಕದಲ್ಲಿ ನಿಂತವರು ಎಣಿಸಲಿ. ಕೈ ಊರಿ ಎದ್ದರೆ ಲೆಕ್ಕ ಸೊನ್ನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಅಳತೆಯಲ್ಲಿ 65ರಿಂದ 69ರ ಗಂಡಸರಿಗೆ 12, ಹೆಂಗಸರಿಗೆ 11 ಬರಬೇಕು. 70ರಿಂದ 74ರವರಿಗೆ 12 ಮತ್ತು 10, 75ರಿಂದ 79ರವರಿಗೆ 11 ಮತ್ತು 10. ಇದಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಕುಂದಿದೆ, ಬೀಳುವ ಅಪಾಯ ಹೆಚ್ಚಿದೆ ಎಂದರ್ಥ. ಬಂದ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಅಂಗಡಿಯವನು ತೋರಿಸುವ ಯಾವ ಯಂತ್ರ ನಮಗೆ ಬೇಕು, ಯಾವುದು ಬೇಡ ಎನ್ನುವುದು ಈ ಸಂಖ್ಯೆಯಿಂದಲೇ ಶುರುವಾಗಬೇಕು.

ದಾಮರಗಿದ್ದ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಹಿರಿಯರಿಗೆ ಮೈ ದಂಡಿಸುವುದು ಹೊಸದೇನಲ್ಲ. ನಾರಾಯಣಪೇಟೆಯಲ್ಲಿ ಕುಣಿಮಗ್ಗದ ಮುಂದೆ ಮೂವತ್ತು ನಲವತ್ತು ವರ್ಷ ಕೂತವರಿದ್ದಾರೆ. ಕೃಷ್ಣೆ ತುಂಗಭದ್ರೆಯರ ನಡುವಿನ ನಡಿಗಡ್ಡದಲ್ಲಿ ಹತ್ತಿಬೀಜದ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಬಗ್ಗಿ ಕ್ರಾಸಿಂಗ್ ಮಾಡಿದ ಹೆಂಗಸರಿದ್ದಾರೆ. ಪಾಲಮೂರು ಕೂಲಿ ಎಂಬ ಹೆಸರಿನಲ್ಲಿ ದೇಶದ ಎಷ್ಟೋ ಅಣೆಕಟ್ಟು, ಕಾಲುವೆ, ರಸ್ತೆಗಳಿಗೆ ಮಣ್ಣು ಹೊತ್ತವರು ಈಗ ಊರಿಗೆ ಮರಳಿ ಕಟ್ಟೆಯ ಮೇಲೆ ಕೂತಿದ್ದಾರೆ. ಗಡಿಯ ಆಚೆ ಈಚೆಯ ಹಳ್ಳಿಗಳಲ್ಲಿ ಹರೆಯದಲ್ಲಿ ತಾಲೀಮಿಗೆ ಹೋಗಿ ದಂಡ, ಬೈಠಕ್ ಹೊಡೆದವರು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವರು ಇನ್ನೂ ಇದ್ದಾರೆ. ಇವರಿಗೆ ವ್ಯಾಯಾಮ ಮಾಡಿ ಎಂದರೆ ಬರುವ ಮೊದಲ ಉತ್ತರ ಒಂದೇ: ನಾವು ದುಡಿದಿದ್ದು ಸಾಲದೇನು?

ಆ ಮಾತನ್ನು ಗೌರವದಿಂದಲೇ ಕೇಳಬೇಕು. ಆದರೆ ದುಡಿಮೆ ಎಲ್ಲ ಸ್ನಾಯುಗಳನ್ನೂ ಒಂದೇ ಸಮ ಬೆಳೆಸುವುದಿಲ್ಲ. ಕುಣಿಮಗ್ಗದಲ್ಲಿ ಕಾಲು ಕೆಳಗೆ ಇಳಿಬಿಟ್ಟು, ಕುತ್ತಿಗೆ ಮುಂದೆ ಬಾಗಿಸಿ, ಒಂದೇ ಕೈಯಲ್ಲಿ ಹಗ್ಗ ಜಗ್ಗಿ ಲಾಳಿ ಓಡಿಸಿದವರ ಬೆನ್ನಿನ ಮೇಲ್ಭಾಗ ಸೋತಿರುತ್ತದೆ, ಒಂದು ಭುಜ ಬಿಗಿದಿರುತ್ತದೆ. ಹೊಲದಲ್ಲಿ ಬಗ್ಗಿದವರ ಟೊಂಕ ಹಿಡಿದಿರುತ್ತದೆ. ಇನ್ನೊಂದು ಮಾತು, ದುಡಿಮೆ ನಿಂತ ದಿನದಿಂದ ಬಲ ಕರಗಲು ಶುರುವಾಗುತ್ತದೆ, ಮತ್ತು ಮುಪ್ಪಿನಲ್ಲಿ ಅದು ಬೇಗ ಕರಗುತ್ತದೆ. ಹಳೆಯ ದುಡಿಮೆಯ ನೆನಪು ಮನಸ್ಸಿನಲ್ಲಿ ಉಳಿಯುತ್ತದೆಯೇ ಹೊರತು ತೊಡೆಯಲ್ಲಿ ಉಳಿಯುವುದಿಲ್ಲ. ತಾಲೀಮಿನ ಹಳಬರಿಗೆ ಇರುವ ಅಪಾಯವೂ ಇದೇ. ಅವರು ಎಪ್ಪತ್ತರ ಮೈಯಲ್ಲಿ ಇಪ್ಪತ್ತೈದರ ಭಾರಕ್ಕೆ ಕೈ ಹಾಕುತ್ತಾರೆ.

ಕಳೆದ ಬಲ ಮರಳಿ ಬರುತ್ತದೆಯೇ ಎಂಬ ಅನುಮಾನ ಇದ್ದವರಿಗೆ ಒಂದು ಸಂಗತಿ ಹೇಳಬೇಕು. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಟರೋನ್ ಮತ್ತು ಜೊತೆಗಾರರು ವೃದ್ಧಾಶ್ರಮವೊಂದರ ಸುಮಾರು 90 ವರ್ಷದ ಹತ್ತು ಮಂದಿ ಬಡಕಲು ಹಿರಿಯರಿಗೆ ಎಂಟು ವಾರ ತೊಡೆಯ ಸ್ನಾಯುವಿನ ಭಾರದ ವ್ಯಾಯಾಮ ಮಾಡಿಸಿದರು. ಮುಗಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತ್ತು. ತೊಂಬತ್ತರಲ್ಲಿ ಆಗಿದ್ದು ಅರವತ್ತೆಂಟರಲ್ಲಿ ಆಗದೆ ಇರದು. ಆದರೆ ಅವರು ಎತ್ತಿದ್ದು ಅರ್ಧ ಕೆಜಿಯ ಆಟದ ಡಂಬೆಲ್ ಅಲ್ಲ. ಅವರವರ ಶಕ್ತಿಗೆ ನಿಜವಾಗಿ ಭಾರ ಎನಿಸುವ ತೂಕವನ್ನು ಎತ್ತಿದರು, ಬಲ ಬಂದಂತೆ ತೂಕವೂ ಏರಿತು. ಸಾಮಾನು ಆರಿಸುವಾಗ ನಾನು ಎಲ್ಲಕ್ಕಿಂತ ಮೇಲೆ ಇಡುವ ನಿಯಮ ಇದರಿಂದಲೇ ಬಂದದ್ದು: ಸ್ವಲ್ಪದರಿಂದ ಶುರುಮಾಡಲು ಬರಬೇಕು, ಮುಂದೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲೂ ಬರಬೇಕು. ಏರಿಸಲು ಬಾರದ ಸಾಮಾನಿಗೆ ದುಡ್ಡು ಹಾಕಬೇಡಿ.

ಅಂಗಡಿಗೆ ಮುಂಚೆ ಆಸ್ಪತ್ರೆ

ನಡೆಯುವಾಗ ಎದೆ ಹಿಡಿದಂತಾಗುವುದು, ಮಲಗಿದರೆ ಉಸಿರು ಕಟ್ಟುವುದು, ತಲೆ ತಿರುಗಿ ಬಿದ್ದದ್ದು, ಹರ್ನಿಯಾ, ಈಚೆಗೆ ಕಣ್ಣಿನ ಪೊರೆಯ ಆಪರೇಷನ್ ಆದದ್ದು, ಮೊಣಕಾಲು ಬದಲಿಸಿದ್ದು ಇದ್ದರೆ ವೈದ್ಯರು ಹೇಳುವ ತನಕ ಭಾರ ಮುಟ್ಟಬಾರದು. ಬಿಪಿ 180/110ರ ಮೇಲಿದ್ದರೆ ಮೊದಲು ಅದು ಇಳಿಯಬೇಕು. ಬಿಪಿ, ಸಕ್ಕರೆ ನೋಡಿಸಲು ಪಟ್ಟಣಕ್ಕೇ ಹೋಗಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಉಪಕೇಂದ್ರಗಳಲ್ಲಿ 30 ದಾಟಿದ ಎಲ್ಲರಿಗೂ ಉಚಿತವಾಗಿ ನೋಡುವ ಸರ್ಕಾರಿ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡಬಾರದು. ಮೀಟರಿನಲ್ಲಿ 90ರ ಕೆಳಗಿದ್ದರೆ ಮೊದಲು ಏನಾದರೂ ತಿನ್ನಬೇಕು, ಕೈಗೆ ಸಿಗುವಂತೆ ಸಕ್ಕರೆ ಇಟ್ಟುಕೊಂಡಿರಬೇಕು. ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ 2010ರಲ್ಲಿ ಶುರುವಾದಾಗಿನಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಫಿಸಿಯೋಥೆರಪಿ ಕೊಡುವುದು ಅದರ ಭಾಗವೇ ಆಗಿದೆ. ಒಂದು ಸಲ ಫಿಸಿಯೋಥೆರಪಿಸ್ಟರ ಎದುರು ಎದ್ದು ಕೂತು ತೋರಿಸಿದರೆ ಆಮೇಲೆ ತಪ್ಪು ಸಾಮಾನು ಕೊಳ್ಳುವುದು ತಪ್ಪುತ್ತದೆ.

ಮೊದಲ ಮೂರು ತಿಂಗಳ ಸಾಮಾನು

ಕುರ್ಚಿ ಮನೆಯಲ್ಲೇ ಇದೆ. ಆದರೆ ನಮ್ಮ ಮನೆಗಳ ನೆಲ ತಾಂಡೂರು ಬಂಡೆಯದು, ಶಹಾಬಾದಿನದು. ಒದ್ದೆಯಾದರೆ ಜಾರುತ್ತದೆ, ಮತ್ತು ಅದರ ಮೇಲೆ ಹಗುರ ಪ್ಲಾಸ್ಟಿಕ್ ಕುರ್ಚಿ ಒಣಗಿದ್ದಾಗಲೂ ಹಿಂದೆ ಸರಿಯುತ್ತದೆ. ಆದ್ದರಿಂದ ಮರದ ಕುರ್ಚಿ ಅಥವಾ ಕಬ್ಬಿಣದ ಕುರ್ಚಿ, ಅದೂ ಗೋಡೆಗೆ ಆನಿಸಿ. ಏಳಲು ತೀರಾ ಕಷ್ಟವಾದರೆ ಕುರ್ಚಿಯ ಮೇಲೆ ಮಡಿಚಿದ ಕೌದಿ ಹಾಕಿ ಎತ್ತರ ಮಾಡಿ, ವಾರಗಳು ಕಳೆದಂತೆ ಒಂದೊಂದೇ ಮಡಿಕೆ ತೆಗೆಯಿರಿ. ಹತ್ತು ಹನ್ನೆರಡು ಸಲ ಹಗುರಾಗಿ ಏಳಲು ಬಂದ ಮೇಲೆ ಎರಡು ಕೆಜಿ ಜೋಳದ ಚೀಲವನ್ನು ಎದೆಗವಚಿಕೊಂಡು ಏಳಿ. ಮೊಣಕಾಲು ನೋವಿದೆ ಎಂದು ಏಳುವುದನ್ನೇ ಬಿಟ್ಟವರಿಗೆ ಇದನ್ನು ಒತ್ತಿ ಹೇಳಬೇಕು. ಸವೆತದ ಮೊಣಕಾಲು ನೋವಿಗೆ ತೊಡೆಯ ಸ್ನಾಯು ಗಟ್ಟಿಯಾಗುವುದೇ ಒಂದು ಚಿಕಿತ್ಸೆ. ಮಾಡುವಾಗ ಸ್ವಲ್ಪ ನೋವು ಇದ್ದು ಮರುದಿನಕ್ಕೆ ಇಳಿದರೆ ಹೆದರಬೇಕಿಲ್ಲ. ಮೊಣಕಾಲು ಬಾತರೆ, ಮರುದಿನವೂ ನೋವು ಹೆಚ್ಚೇ ಇದ್ದರೆ ಭಾರ ಇಳಿಸಿ.

ದುಡ್ಡು ಕೊಟ್ಟು ತರುವ ಮೊದಲ ವಸ್ತು ರಬ್ಬರಿನ ಎಳೆಪಟ್ಟಿ, ಅಂಗಡಿಯವರು ರೆಸಿಸ್ಟೆನ್ಸ್ ಬ್ಯಾಂಡ್ ಎನ್ನುತ್ತಾರೆ. ಕೆಲವು ನೂರು ರೂಪಾಯಿಯಲ್ಲಿ ಮೂರು ನಾಲ್ಕು ಬಿಗುವಿನ ಸೆಟ್ಟು ಸಿಗುತ್ತದೆ. ಒಂದು ಹೆಸರಾಂತ ಕಂಪನಿಯ ಹಳದಿ ಪಟ್ಟಿಯನ್ನು ಅದರ ಎರಡರಷ್ಟು ಉದ್ದಕ್ಕೆ ಎಳೆದರೆ ಸುಮಾರು 1.3 ಕೆಜಿ, ಕೆಂಪಿಗೆ 1.7, ಹಸಿರಿಗೆ 2.1 ಕೆಜಿ ಬಲ ಬೇಕು. ಆದರೆ ಬಣ್ಣದ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಪೊಟ್ಟಣದ ಮೇಲಿನ ತೂಕ ಓದಿ. ಹಿಡಿ ಇರುವ ಕೊಳವೆಯಂಥ ಪಟ್ಟಿಗಿಂತ ಅಗಲವಾದ ಚಪ್ಪಟೆ ಪಟ್ಟಿ ಹಿರಿಯರ ಕೈಗೆ ಒಳ್ಳೆಯದು, ಕೈಗೆ ಸುತ್ತಿಕೊಂಡು ಉದ್ದ ಹೆಚ್ಚು ಕಡಿಮೆ ಮಾಡಬಹುದು. ಜೊತೆಗೆ ಬರುವ ಬಾಗಿಲಿಗೆ ಸಿಕ್ಕಿಸುವ ಕೊಂಡಿಯನ್ನು ಹಳೆಯ ಮನೆಗಳ ಸಡಿಲ ಬಾಗಿಲಿಗೆ ಹಾಕಬೇಡಿ. ಪಡಸಾಲೆಯ ಕಿಟಕಿಯ ಕಬ್ಬಿಣದ ಸರಳು ಅದಕ್ಕಿಂತ ಎಷ್ಟೋ ಗಟ್ಟಿ. ಸರಳಿಗೆ ಪಟ್ಟಿ ಸುತ್ತಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೊಣಕೈ ಹಿಂದೆ ಹೋಗುವಂತೆ ಎರಡೂ ಕೈಯಿಂದ ಜಗ್ಗುವುದು ಮಗ್ಗದವರ ಬೆನ್ನಿಗೆ ಬೇಕಾದ ಮೊದಲ ವ್ಯಾಯಾಮ. ಮಗ್ಗದಲ್ಲಿ ಒಂದೇ ಕೈ ಜಗ್ಗಿತ್ತು, ಇಲ್ಲಿ ಎರಡೂ ಸಮ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ರಬ್ಬರಿಗೆ ಬಿಸಿಲು ವೈರಿ. ಪಟ್ಟಿಯನ್ನು ಮಾಳಿಗೆಯ ಮೇಲೆ, ಕಿಟಕಿಯಲ್ಲಿ ಬಿಡಬೇಡಿ. ಮಡಿಚಿ ಸ್ವಲ್ಪ ಪೌಡರ್ ಹಾಕಿ ಡಬ್ಬದಲ್ಲಿಡಿ. ಪ್ರತಿ ಸಲ ಎಳೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಸಣ್ಣ ಬಿರುಕು ಕಂಡರೆ ಎಸೆಯಿರಿ, ಏಕೆಂದರೆ ಹರಿದ ಪಟ್ಟಿ ಬಡಿಯುವುದು ಮುಖಕ್ಕೇ.

ಎರಡನೆಯದು ಡಂಬೆಲ್. ಒಂದೇ ಜೋಡಿ ಭಾರವಾದದ್ದು ತರುವುದಕ್ಕಿಂತ 1, 2, 3 ಕೆಜಿಯ ಜೋಡಿಗಳು, ಇಲ್ಲವೆ ಬಿಲ್ಲೆ ಹಾಕಿ ತೆಗೆಯಲು ಬರುವ ಜೋಡಿ ತನ್ನಿ. ಬಿಲ್ಲೆಯದಾದರೆ ತುದಿಯ ತಿರುಪು ಬಿಗಿಯಾಗಿ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಬಗ್ಗಿಸಿ ಅಲುಗಾಡಿಸಿ ನೋಡಿ. ಗುಂಡಗಿನದು ಉರುಳಿ ಕಾಲಿಗೆ ಅಡ್ಡ ಬರುತ್ತದೆ, ಆರು ಮೂಲೆಯದೇ ಇರಲಿ. ಹಿಡಿ ತೀರಾ ದಪ್ಪವಿದ್ದರೆ ಸಂಧಿವಾತದ ಬೆರಳು ಸುತ್ತುವುದಿಲ್ಲ. ಎಷ್ಟು ತೂಕ ಎಂಬುದಕ್ಕೆ ಸರಳ ಲೆಕ್ಕವಿದೆ. ಹತ್ತರಿಂದ ಹನ್ನೆರಡು ಸಲ ಎತ್ತಿದಾಗ ಕೊನೆಯ ಎರಡು ಕಷ್ಟವಾಗಬೇಕು, ಆದರೆ ಉಸಿರು ಹಿಡಿಯಬಾರದು. ಹದಿನೈದು ಸಲ ಸಲೀಸಾಗಿ ಬಂದರೆ ಮುಂದಿನ ತೂಕಕ್ಕೆ ಹೋಗಿ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಬಿಗಿಹಿಡಿದು ಎತ್ತುವುದು ತಾಲೀಮಿನ ಹಳೆಯ ರೂಢಿ, ಬಿಪಿ ಇದ್ದವರಿಗೆ ಅದು ಕೂಡದು.

ಡಂಬೆಲ್ ಕೊಳ್ಳಲು ಆಗದಿದ್ದರೆ ನಷ್ಟವಿಲ್ಲ. ಒಂದು ಲೀಟರ್ ನೀರು ಒಂದು ಕೆಜಿ. ಗಟ್ಟಿ ಬಟ್ಟೆಯ ಎರಡು ಕೈಚೀಲಗಳಲ್ಲಿ ಸಮ ತೂಕದ ಜೋಳ ಹಾಕಿ, ಎರಡೂ ಕೈಯಲ್ಲಿ ಹಿಡಿದು ಅಂಗಳದಲ್ಲಿ ನೆಟ್ಟಗೆ ನಡೆಯುವುದು ಹಿಡಿತಕ್ಕೆ, ಭುಜಕ್ಕೆ, ಟೊಂಕಕ್ಕೆ ಒಟ್ಟಿಗೇ ಕೆಲಸ ಕೊಡುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅರ್ಧರ್ಧ ಕೆಜಿ ಏರಿಸುತ್ತಾ ಹೋದರೆ ಯಾವ ಕಂಪನಿಯ ಡಂಬೆಲ್ಲಿಗೂ ಇಲ್ಲದ ಸೂಕ್ಷ್ಮ ನಿಮ್ಮದಾಗುತ್ತದೆ.

ಮೂರನೆಯದು ಕಾಲಿಗೆ ಕಟ್ಟುವ ತೂಕದ ಪಟ್ಟಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ 1990ರ ದಶಕದಲ್ಲಿ ರೂಪಿಸಿದ ಮನೆವ್ಯಾಯಾಮ ಪದ್ಧತಿಗೆ ಬೇಕಾದ ಸಾಮಾನು ಹೆಚ್ಚುಕಡಿಮೆ ಇದೊಂದೇ. ಜೊತೆಗೆ ಸಮತೋಲನದ ಅಭ್ಯಾಸ, ನಡಿಗೆ. 65ರಿಂದ 97 ವರ್ಷದ 1016 ಮಂದಿಯ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಬೀಳುವುದು ಶೇಕಡಾ 35ರಷ್ಟು ಕಡಿಮೆಯಾಗಿತ್ತು. ಒಂದು ಕೆಜಿಯೊಳಗೆ ಶುರುಮಾಡಿ. ಒಳಗಿನ ಮರಳಿನ ಚೀಲಗಳನ್ನು ತೆಗೆದು ಸೇರಿಸಲು ಬರುವಂಥದ್ದನ್ನೇ ಆರಿಸಿ. ಸಕ್ಕರೆ ಕಾಯಿಲೆಯವರು ಬಿಚ್ಚಿದ ಮೇಲೆ ಕಾಲಿನ ಚರ್ಮ ನೋಡಿಕೊಳ್ಳಬೇಕು.

ಸಮತೋಲನಕ್ಕೆ ಏನೂ ಕೊಳ್ಳಬೇಡಿ. ಅಡುಗೆಮನೆಯ ಕಟ್ಟೆ ಹಿಡಿದು ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಸಿ ನಿಲ್ಲಿ, ಮೆಲ್ಲಗೆ ಕೈ ಸಡಿಲಿಸಿ. ಹತ್ತು ಸೆಕೆಂಡ್ ನಿಲ್ಲಲು ಬಾರದಿದ್ದರೆ ಇದನ್ನೇ ದಿನವೂ ಮಾಡಬೇಕು. ಅಂಗಡಿಯಲ್ಲಿ ತೋರಿಸುವ ಅರ್ಧ ಚೆಂಡು, ಮೆತ್ತನೆಯ ದಿಂಬು ಆಮೇಲಿನ ಮಾತು. ಗೋಡೆಗೆ ಹಿಡಿಕೆ ಕೂರಿಸುವವರಿಗೆ ಎಚ್ಚರಿಕೆ: ಮಣ್ಣಿನ ಗಾರೆಯ ಹಳೆಯ ಕಲ್ಲುಗೋಡೆಯಲ್ಲಿ ತಿರುಪು ನಿಲ್ಲುವುದಿಲ್ಲ. ಬಿದ್ದಾಗ ಕಿತ್ತು ಬರುವ ಹಿಡಿಕೆಗಿಂತ ಭಾರದ ಮಂಚದ ಕಾಲು ವಾಸಿ.

ನೆಲದ ಮೇಲೆ ಕೂತು ಉಣ್ಣುವ ರೂಢಿ ಇನ್ನೂ ಇರುವ ಮನೆಗಳಲ್ಲಿ ಅದನ್ನು ಬಿಡಿಸಬೇಡಿ ಎಂಬುದು ನನ್ನ ಬಲವಾದ ಅಭಿಪ್ರಾಯ. ನೆಲದಿಂದ ಏಳುವುದು ದಿನಕ್ಕೆ ಮೂರು ಸಲ ತಾನಾಗಿ ಆಗುವ ವ್ಯಾಯಾಮ, ಡೈನಿಂಗ್ ಟೇಬಲ್ಲು ಬಂದ ದಿನ ಅದು ನಿಲ್ಲುತ್ತದೆ. ಮೊಣಕಾಲು ಬದಲಿಸಿದವರನ್ನು ಬಿಟ್ಟು ಉಳಿದವರಿಗೆ ಮುಂದೆ ಒಂದು ಕುರ್ಚಿ ಇಟ್ಟು, ಅದನ್ನು ಹಿಡಿದಾದರೂ ಏಳಲಿ.

ಯಂತ್ರದ ಮಾತು

ಹೈದರಾಬಾದು, ಬೆಂಗಳೂರು, ಪುಣೆಯಲ್ಲಿರುವ ಮಕ್ಕಳು ಪ್ರೀತಿಯಿಂದ ಮೊದಲು ಕಳಿಸಬೇಕೆನ್ನುವುದು ಟ್ರೆಡ್‌ಮಿಲ್. ದಯವಿಟ್ಟು ತಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದು ಮೂರು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲ ಎರಡೂ ಇರುವ ವ್ಯಾಯಾಮ. ಟ್ರೆಡ್‌ಮಿಲ್ ತೀರಿಸುವುದು ಇದರಲ್ಲಿ ಮೊದಲನೆಯದನ್ನಷ್ಟೇ, ಅದೂ ನಮ್ಮೂರುಗಳಲ್ಲಿ ದುಡ್ಡಿಲ್ಲದೆ ಆಗುವ ಕೆಲಸ. ಹೊಲದ ದಾರಿ ಇದೆ. ತೆಲಂಗಾಣದ ಪಂಚಾಯಿತಿಗಳು ಮಾಡಿರುವ ಪಲ್ಲೆ ಪ್ರಕೃತಿ ವನಗಳಲ್ಲಿ ನಡೆಯುವ ದಾರಿಗಳಿವೆ. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸು ಸಾಕು. ಬೇಸಿಗೆಯಲ್ಲಿ ಹೊತ್ತು ಮೂಡುವ ಮುಂಚೆಯೇ ಮುಗಿಸಿ.

ಟ್ರೆಡ್‌ಮಿಲ್ ಬೇಕೇ ಬೇಕು ಎಂದರೆ ಕೇಳಬೇಕಾದ್ದು ಇಷ್ಟು. ಗಂಟೆಗೆ ಒಂದು ಕಿಲೋಮೀಟರ್ ಅಥವಾ ಅದಕ್ಕೂ ಕಡಿಮೆ ವೇಗದಲ್ಲಿ ಶುರುವಾಗುತ್ತದೆಯೇ? ಎರಡೂ ಬದಿ ಉದ್ದದ ಹಿಡಿಕೆ ಇದೆಯೇ? ಬಟ್ಟೆಗೆ ಸಿಕ್ಕಿಸುವ ಸುರಕ್ಷಾ ಕೀಲಿ ಎಳೆದ ಕೂಡಲೇ ನಿಲ್ಲುತ್ತದೆಯೇ? ಮೋಟಾರಿನ ಬಲದಲ್ಲಿ ಗರಿಷ್ಠದ ಅಂಕಿ ದೊಡ್ಡದಾಗಿ ಬರೆದಿರುತ್ತಾರೆ, ಸತತವಾಗಿ ಕೊಡುವ ಬಲ ಎಷ್ಟು ಎಂದು ಕೇಳಿ. ಹಿಂದೆ ಎರಡು ಮೀಟರ್ ಖಾಲಿ ಜಾಗ ಬೇಕು. ಅರ್ಥಿಂಗ್ ಇರುವ ಸಾಕೆಟ್ ಬೇಕು, ಕರೆಂಟು ನಡುವೆ ಹೋದರೆ ಬೆಲ್ಟು ತಟ್ಟನೆ ನಿಲ್ಲುತ್ತದೆ ಎಂಬುದು ನೆನಪಿರಲಿ. ದುರಸ್ತಿಗೆ ದಾಮರಗಿದ್ದದ ಪಿನ್ ಕೋಡಿಗೆ ಮೆಕ್ಯಾನಿಕ್ ಬರುತ್ತಾನೆಯೇ ಎಂಬುದನ್ನು ದುಡ್ಡು ಕೊಡುವ ಮುಂಚೆ ಬರಹದಲ್ಲಿ ಪಡೆಯಿರಿ. ಕುರ್ಚಿ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರಿಗೆ, ಕಳೆದ ವರ್ಷದಲ್ಲಿ ಒಮ್ಮೆಯಾದರೂ ಬಿದ್ದವರಿಗೆ ಇದು ಬೇಡವೇ ಬೇಡ.

ಯಂತ್ರ ಕೊಳ್ಳುವುದೇ ಆದರೆ ನನ್ನ ಮತ ನಿಂತ ಸೈಕಲ್ಲಿಗೆ. ಬೀಳುವ ಭಯವಿಲ್ಲ, ಮೊಣಕಾಲಿನ ಮೇಲೆ ಮೈಭಾರ ಬೀಳುವುದಿಲ್ಲ. ಚಕ್ರಕ್ಕೆ ಬಟ್ಟೆಯ ಬಿರಡೆ ಉಜ್ಜಿ ತಡೆಯೊಡ್ಡುವ ಅಗ್ಗದ ಮಾದರಿ ಸವೆಯುತ್ತದೆ, ಸದ್ದು ಮಾಡುತ್ತದೆ. ಅಯಸ್ಕಾಂತದ ತಡೆ ಇರುವುದು ಸದ್ದಿಲ್ಲದೆ ಓಡುತ್ತದೆ, ಗುಂಡಿ ತಿರುಗಿಸಿ ಬಿಗಿ ಏರಿಸುವ ಮಾದರಿಗೆ ಕರೆಂಟೂ ಬೇಡ. ಬೆನ್ನುನೋವಿದ್ದವರಿಗೆ, ಸಮತೋಲನ ತಪ್ಪಿದವರಿಗೆ ಬೆನ್ನಿಗೆ ಆಸರೆ ಇದ್ದು ಕಾಲು ಮುಂದೆ ಚಾಚಿ ತುಳಿಯುವ ಮಾದರಿ ಒಳ್ಳೆಯದು, ಜಾಗ ಮಾತ್ರ ಹೆಚ್ಚು ಬೇಕು. ಪೆಡಲು ತೀರಾ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಸೀಟು ಎತ್ತರಿಸಬೇಕು. ಸೀಟು ತಗ್ಗಾದರೆ ಮೊಣಕಾಲು ನೋವು ಬರುವುದು ಖಂಡಿತ. ಯಂತ್ರ ತಾಳುವ ಮೈತೂಕ ನಿಮ್ಮ ತೂಕಕ್ಕಿಂತ ಸಾಕಷ್ಟು ಹೆಚ್ಚಿರಲಿ.

ಇನ್ನು ಅಂಗಡಿಯಲ್ಲಿ ಯಾರೂ ಹೇಳದ ಸಂಗತಿ, ಉಡುಪಿನದು. ನಮ್ಮ ಹಿರಿಯ ಹೆಂಗಸರು ಸೀರೆ ಉಡುವವರು, ಗಂಡಸರು ಧೋತರದವರು. ನೆರಿಗೆ ಪೆಡಲಿಗೆ ಸಿಕ್ಕರೆ ಅನಾಹುತ. ನಡುವಿನ ಕಂಬಿ ತಗ್ಗಾಗಿದ್ದು ಕಾಲು ಎತ್ತದೆ ದಾಟಲು ಬರುವ, ಚಕ್ರ ಪೂರ್ತಿ ಮುಚ್ಚಿರುವ ಸೈಕಲ್ಲೇ ಬೇಕು. ಸಾಧ್ಯವಾದರೆ ವ್ಯಾಯಾಮದ ಹೊತ್ತಿಗೆ ಸಲ್ವಾರ್, ಪೈಜಾಮ ಹಾಕಿಕೊಳ್ಳಲಿ. ಒಲ್ಲೆ ಎನ್ನುವವರು ಕಚ್ಚೆ ಹಾಕಿ ಸೆರಗು ಸಿಕ್ಕಿಸಿಕೊಳ್ಳಲಿ. ಗದ್ವಾಲ, ಮಕ್ತಲಿನವರು ರಾಯಚೂರಿಗೋ ಮಹಬೂಬನಗರಕ್ಕೋ ಹೋದಾಗ ತುಳಿಯುವವರನ್ನೇ ಕರೆದೊಯ್ಯಿರಿ. ದಿನಾ ಉಡುವ ಬಟ್ಟೆಯಲ್ಲೇ ಹತ್ತು ನಿಮಿಷ ತುಳಿದು ಇಳಿದ ಮೇಲೆ ಬೆಲೆಯ ಮಾತು.

ಕುರ್ಚಿಯಲ್ಲಿ ಕೂತೇ ತುಳಿಯುವ ಸಣ್ಣ ಪೆಡಲು ಯಂತ್ರ ಅಗ್ಗ, ತೀರಾ ದುರ್ಬಲರಿಗೆ ಶುರುವಿಗೆ ಸರಿ, ಆದರೆ ನಮ್ಮ ಬಂಡೆಯ ನೆಲದ ಮೇಲೆ ಸರಿದು ಹೋಗುತ್ತದೆ, ಕೆಳಗೆ ರಬ್ಬರಿನ ಚಾಪೆ ಹಾಕಲೇಬೇಕು. ಗಡಗಡ ನಡುಗುವ ಪಟ್ಟಿ, ಬೆವರಿಳಿಸುವ ನಡುಪಟ್ಟಿಗಳಿಗೆ ಒಂದು ರೂಪಾಯಿಯೂ ಬೇಡ. ಪ್ರೋಟೀನ್ ಡಬ್ಬವೂ ಮೊದಲ ಖರೀದಿಯಲ್ಲ. ಮುಪ್ಪಿನಲ್ಲಿ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಬೇಕು. ನಮ್ಮ ತೊಗರಿಬೇಳೆ, ಶೇಂಗಾ, ಮೊಸರು, ಮೊಟ್ಟೆ ತಟ್ಟೆಯಲ್ಲಿ ಹೆಚ್ಚಲಿ, ಅದು ಸಾಲದಿದ್ದರೆ ಡಬ್ಬ ನೋಡೋಣ.

ಸೈಕಲ್ಲಿನ ಬೆಲೆ ಒಂದು ಮನೆಗೆ ಭಾರವೆನಿಸಿದರೆ ನಾಲ್ಕು ಮನೆಯವರು ಸೇರಿ ಒಂದು ತರಬಹುದು. ಮಹಿಳಾ ಸಂಘದ ಕಟ್ಟಡ, ಭಜನಾ ಮಂದಿರದ ಪಡಸಾಲೆ, ಯಾರದಾದರೂ ಮನೆಯ ಮುಂಗೋಣೆ, ಎಲ್ಲಾದರೂ ಇಡಿ. ಜೊತೆಗೆ ಎರಡು ಜೋಡಿ ಡಂಬೆಲ್, ಒಂದು ಗಟ್ಟಿ ಕುರ್ಚಿ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ ಕ್ರಮದ ಹಾಳೆ. ಹೆಂಗಸರಿಗೆ ಬೆಳಗಿನ ಹೊತ್ತು, ಗಂಡಸರಿಗೆ ಸಂಜೆ ಎಂದು ಗೊತ್ತುಮಾಡಿ, ಕೀಲಿ ಯಾರ ಬಳಿ ಇರಬೇಕು, ತಿರುಪು ಬಿಗಿಮಾಡಿ ಎಣ್ಣೆ ಹಾಕುವವರು ಯಾರು ಎಂಬುದನ್ನು ಸೈಕಲ್ಲು ಬರುವ ಮುಂಚೆಯೇ ತೀರ್ಮಾನಿಸಿಕೊಳ್ಳಿ.